ರೂತ್ ಆಂಟಿಯ ಪುಸ್ತಕದ ಮೊದಲ ಹಾಳೆ

ಆ ಹಾಳೆ ಇತ್ತು, ರೂತ್ ಆಂಟಿ. ನಿಮ್ಮ ನೆನಪು ಸರಿಯಾಗಿಯೇ ಇತ್ತು. ಅದನ್ನು ಕತ್ತರಿಸಿ ಎಸೆದವನು ನಾನು — ಇರಲೇ ಇಲ್ಲ ಎಂದವನೂ ನಾನೇ.

ವುಡ್‌ಬ್ರಿಡ್ಜ್‌ನಲ್ಲಿ ನಮ್ಮ ಎದುರು ಮನೆ ನಿಮ್ಮದು. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವ ನನಗೆ ಭಾನುವಾರ ಹಳೆಯ ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಹುಚ್ಚು. ನಾಲ್ಕು ಕ್ಲಾಸಿಗೆ ಹೋಗಿ ಬಂದು ದೊಡ್ಡ ಪಂಡಿತನಂತೆ ಮೆರೆಯುತ್ತಿದ್ದೆ. ನೀವು ನಂಬಿದಿರಿ. ಐದು ಶತಮಾನಗಳ ಹಿಂದೆ ವೆನಿಸ್‌ನಲ್ಲಿ ಅಚ್ಚಾದ ಹೀಬ್ರೂ ಪುಸ್ತಕವನ್ನು ಟವೆಲ್‌ನಲ್ಲಿ ಸುತ್ತಿ ತಂದಿರಿ. ದೇವರು ಎಂಥವನೆಂದು ಹೇಳಲಾಗದು, ಎಂಥವನಲ್ಲ ಎಂದಷ್ಟೇ ಹೇಳಬಹುದು — ಪುಸ್ತಕದ ತುಂಬಾ ಇದೇ ವಾದ ಎಂದು ನಕ್ಕಿರಿ. ಹೊಲಿಗೆ ಬಿಚ್ಚಿತ್ತು, ರಟ್ಟು ಕಳಚಿತ್ತು.

ಹೀಬ್ರೂವನ್ನು ಬಲದಿಂದ ಎಡಕ್ಕೆ ಓದುತ್ತಾರೆಂದು ನನಗೆ ಗೊತ್ತಿತ್ತು. ಪುಸ್ತಕ ತೆರೆಯುವುದೂ ಬಲದಿಂದಲೇ ಎಂಬುದು ಮಾತ್ರ... ಕೆಲಸದ ಭರದಲ್ಲಿ ಹೊಳೆಯಲಿಲ್ಲ. ನಾನು ಕೊನೆಯದೆಂದುಕೊಂಡ ಹಾಳೆಯಲ್ಲಿ ಅಚ್ಚಿರಲಿಲ್ಲ. ಹುಳು ತಿಂದ ತೂತು, ನೀರಿನ ಕಲೆ, ಮಾಸಿದ ಗೀಚು. ಕತ್ತರಿಸಿ ಹೊಸ ಹಾಳೆ ಅಂಟಿಸಿದೆ. ಹಳೆಯದನ್ನು ರೀಸೈಕ್ಲಿಂಗ್ ಲಾರಿ ಒಯ್ದಿತು.

ಮರಳಿಸಿದಾಗ ನೀವು ಪುಸ್ತಕವನ್ನು ಬಲದಿಂದ ತೆರೆದಿರಿ. "ಹೆಸರುಗಳೆಲ್ಲಿ? ಅಪ್ಪ ಬರೆದದ್ದು?" ಆರು ತಲೆಮಾರಿನಿಂದ ಮನೆಯಲ್ಲಿ ಹುಟ್ಟಿದ ಮಕ್ಕಳ ಹೆಸರನ್ನು ಅಲ್ಲಿ ಬರೆಯುತ್ತಾ ಬಂದಿದ್ದರಂತೆ. ಕೊನೆಯ ಹೆಸರು ನಿಮ್ಮದು. ಒಂದೊಂದಾಗಿ ಬೆರಳು ಮಡಿಸುತ್ತಾ ಅಷ್ಟನ್ನೂ ಹೇಳಿದಿರಿ. ನಾನು ಕತ್ತರಿಸಿದ್ದು ಅದೇ ಮೊದಲ ಹಾಳೆಯನ್ನು ಎಂದು ಆಗ ಹೊಳೆಯಿತು. ಆದರೂ ಬಾಯಿಂದ ಬಂದದ್ದು, "ಆಂಟಿ, ಆ ಪೇಜ್ ಇರ್ಲೇ ಇಲ್ಲ. ನಿಮಗೆ ಕನ್‌ಫ್ಯೂಸ್ ಆಗಿರ್ಬೇಕು."

ಹೆಂಡತಿ ಸುಧಾ ಗದರಿದಳು: "ಹೋಗಿ ನಿಜ ಹೇಳ್ಬಿಡಿ. ಪಾಪ, ತಮ್ ತಲೇನೇ ಕೆಟ್ಟಿದೆ ಅನ್ಕೊಂಡ್‌ಬಿಟ್ಟಿದ್ದಾರೆ ಅವ್ರು." ನಾಳೆ ಎಂದೆ. ಎಷ್ಟು ನಾಳೆಗಳು ಹೋದವೋ —

ಅಷ್ಟರಲ್ಲಿ ನಿಮ್ಮ ಮಗಳು ನವೋಮಿ ನಿಮ್ಮನ್ನು ಡಾಕ್ಟರ ಬಳಿ ಕರೆದೊಯ್ದಳು. ನೀವು ಡ್ರೈವ್ ಮಾಡುವುದನ್ನು ಬಿಟ್ಟಿರಿ. ಪ್ರತಿ ಮಾತಿನ ಕೊನೆಗೂ "ನಾನು ಹೇಳಿದ್ದು ಸರಿ ತಾನೇ?" ಎಂದು ಕೇಳತೊಡಗಿದಿರಿ. ವಯಸ್ಸಿನ ಸಣ್ಣಪುಟ್ಟ ಮರೆವು ನಿಮಗೆ ಇತ್ತೇನೋ. ಅದರ ಹಿಂದೆ ನಾನು ಅಡಗಿಕೊಳ್ಳುವುದಿಲ್ಲ.

ತೀರಿಕೊಳ್ಳುವ ಮುನ್ನ ಆಸ್ಪತ್ರೆಯಲ್ಲಿ ಕೊನೆಯ ಸಲ ನನ್ನ ಕೈ ಹಿಡಿದು, "ಸಾರಿ, ಅವತ್ತು ನಿನ್ನ ಮೇಲೆ ಅನುಮಾನ ಪಟ್ಟೆ" ಎಂದಿರಿ. "ಪರವಾಗಿಲ್ಲ ಆಂಟಿ" ಎಂದೆ. ನಾನು — ನಿಮ್ಮನ್ನು ಕ್ಷಮಿಸಿದೆ!

ನಿಮಗೆ ಬಾರದ ಕನ್ನಡದಲ್ಲಿ ಇದನ್ನು ಬರೆಯುವುದೂ ಹೇಡಿತನವೇ. ಈ ಭಾನುವಾರ ಇಲ್ಲಿಂದ ಕಾರಿನಲ್ಲಿ ಒಂದೆರಡು ಗಂಟೆ ದೂರದ ಜೆರಿಕೋಗೆ, ನವೋಮಿಯ ಮನೆಗೆ ಹೋಗುತ್ತಿದ್ದೇನೆ. ಅಮ್ಮನ ಮರೆವು ತನಗೂ ಬರುತ್ತದೆಂದು ಅವಳಿಗೆ ಹೆದರಿಕೆಯಂತೆ. ಹಾಳೆ ಇತ್ತು ಎಂದು ಅವಳಿಗೆ ತಿಳಿಯುವ ಭಾಷೆಯಲ್ಲೇ ಹೇಳುತ್ತೇನೆ. ಅದರಲ್ಲಿದ್ದ ಹೆಸರುಗಳನ್ನು ಅವಳು ಖಂಡಿತ ಕೇಳುತ್ತಾಳೆ. ನೀವು ಬೆರಳು ಮಡಿಸಿ ಹೇಳಿದ ಅಷ್ಟು ಹೆಸರುಗಳಲ್ಲಿ ನನಗೆ ನೆನಪಿರುವುದು ನಿಮ್ಮದೊಂದೇ.