ಅಳಿಯ ಕೇಳಿದರೆ ಕಾಣುವ ದುರ್ಬೀನು

ನನ್ನ ಗಂಡ ನಾಸಿಕದ ಸಾತಪುರದ ಒಂದು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸದಲ್ಲಿದ್ದರು. ಯಂತ್ರದ ಬಿಡಿಭಾಗಗಳನ್ನು ಅಳೆದು ನೋಡಿ 'ಓಕೆ' ಅಥವಾ 'ರಿಜೆಕ್ಟ್' ಎನ್ನಬೇಕು, ಅಷ್ಟೇ ಕೆಲಸ. ಕಾರ್ಖಾನೆಯವರು ಅದಕ್ಕೆ ಸಂಬಳ ಕೊಡುತ್ತಿದ್ದರು. ಮನೆಯಲ್ಲಿ ಮಾಡುವ ತಪಾಸಣೆ ಪುಕ್ಕಟೆ. ಬದನೆಕಾಯಿ, ಕುಕ್ಕರಿನ ಸೀಟಿ, ನನ್ನ ಸೀರೆಯ ನೆರಿಗೆ, ಯಾವುದೂ ಅವರ ಕಣ್ಣಿಂದ ಪಾರಾಗುತ್ತಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು. ಅವರಿಗೆ ಕನ್ನಡಕವಿರಲಿಲ್ಲ, ಅದು ಬೇಕಿಲ್ಲವೆಂಬ ಜಂಬ ಮಾತ್ರ ಇತ್ತು. ನನಗೆ ಶಾಲೆಯ ದಿನಗಳಿಂದಲೂ ಕನ್ನಡಕ. ನನ್ನ ಅವ್ವನ ಕನ್ನಡಕ ನನ್ನದಕ್ಕಿಂತ ದಪ್ಪ.

ದುರ್ಬೀನಿನ ಮಾತು ಶುರುವಾದದ್ದು ಅವ್ವನಿಂದ. ಅಪ್ಪ ತೀರಿಕೊಂಡ ಮರುವರ್ಷ, ಸೀತಾಫಲದ ದಿನಗಳಲ್ಲಿ, ಅವಳು ಬೀದರ್ ಕಡೆಯ ನಮ್ಮೂರಿನಿಂದ ನಾಸಿಕಕ್ಕೆ ಬಂದಿದ್ದಳು. ಎಲ್ಲಿಗೆ ಹೋಗೋಣ ಎಂದು ಕೇಳಿದರೆ ತ್ರ್ಯಂಬಕೇಶ್ವರ ಅನ್ನಲಿಲ್ಲ, ಪಂಚವಟಿ ಅನ್ನಲಿಲ್ಲ, ದೌಲತಾಬಾದ್ ಕೋಟೆ ಅಂದಳು. ಮನೆಯ ಎರಡು ಮೆಟ್ಟಿಲು ಹತ್ತುವಾಗಲೇ ಮೊಣಕಾಲು ಹಿಡಿದುಕೊಳ್ಳುವ ಹೆಂಗಸು.

"ಹತ್ತೋದು ಯಾರಿಗಿ ಬೇಕಾಗ್ಯಾದವ್ವ," ಅಂದಳು. "ಕೆಳಗ ಕೂತು ಮ್ಯಾಲ ನೋಡ್ತೀನಿ."

ಕಾರಣ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಮದುವೆಯಾದ ಹೊಸದರಲ್ಲಿ ಅಪ್ಪ ಅವಳನ್ನು ಆ ಕೋಟೆಗೆ ಕರೆದುಕೊಂಡು ಹೋಗಿದ್ದ. ನಾನು ಆಗ ಅವಳ ಹೊಟ್ಟೆಯಲ್ಲಿದ್ದೆ. ಹಾಗಾಗಿ ಅವಳು ಕೆಳಗೆ ಕೂತಳು, ಅಪ್ಪ ತುದಿಯಲ್ಲಿರುವ ಬಾರಾದರಿ ಎಂಬ ಕಮಾನುಗಳ ಮಂಟಪದವರೆಗೆ ಹತ್ತಿ ಅಲ್ಲಿಂದ ಕೈ ಬೀಸಿದ. ಮುಂದೆ ಮನೆಗೆ ಯಾರೇ ಬರಲಿ, ಅವರ ಚಹಾ ಮುಗಿಯುವುದರೊಳಗೆ ಅಪ್ಪ ಆ ಕತೆ ಮುಗಿಸುತ್ತಿದ್ದ: "ಅಷ್ಟು ಎತ್ತರದಿಂದ ನಾ ಕೈ ಮಾಡಿದ್ರ, ಈಕಿ ಕೆಳಗಿಂದ ನೋಡಿ ನಕ್ಕಳು." ಅವ್ವ ಹೌದೆಂದು ತಲೆಯಾಡಿಸುತ್ತಿದ್ದಳು.

ಇದನ್ನು ಕೇಳಿ ನನ್ನ ಗಂಡ, "ಹಂಗಾದ್ರ ಒಂದು ಸಣ್ಣ ದುರ್ಬೀನು ತಗೊಳ್ಳೋಣ. ನಾ ಮ್ಯಾಲ ಹೋಗಿ ಕೈ ಮಾಡ್ತೀನಿ, ಅತ್ತಿಯವರು ನೋಡ್ಲಿ," ಅಂದರು. ಮನುಷ್ಯ ಒಳ್ಳೆಯವರೇ. ಒಳ್ಳೆಯತನವನ್ನೂ ತಪಾಸಣೆ ಮಾಡಿಯೇ ಹೊರಗೆ ಬಿಡುತ್ತಾರೆ, ಅಷ್ಟೇ.

ನಾಸಿಕ್ ರೋಡ್ ಸ್ಟೇಷನ್ನಿನ ಹತ್ತಿರ ಕ್ಯಾಮರಾ, ದುರ್ಬೀನು ಮಾರುವ ಅಂಗಡಿಯೊಂದಿತ್ತು. ಅಲ್ಲಿ ಇವರು ನಡೆಸಿದ ಪರೀಕ್ಷೆಯನ್ನು ನೋಡಲು ಪಕ್ಕದ ಪಾನಿನಂಗಡಿಯವನೂ ಎದ್ದು ಬಂದ. ದುರ್ಬೀನನ್ನು ತೋಳಿನಷ್ಟು ದೂರ ಹಿಡಿದು, ಕಣ್ಣಿಡುವ ಕಡೆ ಕಾಣುವ ಬೆಳಕಿನ ಚುಕ್ಕೆ ಪೂರ್ತಿ ದುಂಡಗಿದೆಯೋ ಇಲ್ಲವೋ ನೋಡಿದರು. ಆಕಾಶಕ್ಕೆ ಎದುರಾಗಿದ್ದ ಕರೆಂಟಿನ ತಂತಿ ನೋಡಿ, ಅದರ ಅಂಚಿಗೆ ನೇರಳೆ ಬಣ್ಣ ಹತ್ತಿದೆಯೇ ಅಂತ ಹುಡುಕಿದರು. ಎದುರಿನ ಲಾಡ್ಜಿನ ಬೋರ್ಡಿನ ಅಕ್ಷರಗಳು ನಡುವೆ ಕಾಣುವಷ್ಟೇ ಚೊಕ್ಕವಾಗಿ ಅಂಚಿನಲ್ಲೂ ಕಾಣುತ್ತವೆಯೇ ಎಂದು ಒಂದೊಂದೇ ಕಣ್ಣು ಮುಚ್ಚಿ ಓದಿದರು. ಕೊನೆಗೆ ಅಂಗೈಯಲ್ಲಿ ಹಿಡಿಸುವಂಥದೊಂದನ್ನು ಆರಿಸಿ, "ಇದು ಓಕೆ," ಅಂದರು.

ನಾನೂ ಕಣ್ಣಿಗೆ ಹಿಡಿದು ನೋಡಿದೆ. ನಡುವೆ ನಾಲ್ಕಾಣೆಯಷ್ಟು ಬೆಳಕು, ಸುತ್ತ ಕತ್ತಲೆ. ಕಣ್ಣಿಗೆ ತಾಗುವ ರಬ್ಬರಿನ ಬಳೆಯನ್ನು ಮಡಚಿದರೆ ಎಂಟಾಣೆಯಷ್ಟಾಯಿತು. ಹಾಗೆಂದು ಹೇಳಿದರೆ, "ಕುಣೀಲಾರದಾಕಿಗಿ ನೆಲ ಡೊಂಕಂತ. ಚಸ್ಮಾ ತಗದು ನೋಡು," ಎಂಬ ಉತ್ತರ ಬಂತು. ಕನ್ನಡಕ ತೆಗೆದರೆ ದುರ್ಬೀನನ್ನು ಯಾವ ಕಡೆಗೆ ಹಿಡಿಯಬೇಕೆಂಬುದೇ ನನಗೆ ಕಾಣುವುದಿಲ್ಲ. ಕನ್ನಡಕವಿಲ್ಲದವರಿಗೆ ಇದನ್ನು ತಿಳಿಸಿ ಹೇಳುವುದೆಂದರೆ ಈಜು ಬರುವವನಿಗೆ ಮುಳುಗುವುದನ್ನು ಕಲಿಸಿದ ಹಾಗೆ.

ಮನೆಗೆ ಬಂದು ಇವರು ದುರ್ಬೀನನ್ನು ಚೀಲದಿಂದ ತೆಗೆದು ಅವ್ವನ ಕೈಗೆ ಕೊಟ್ಟರು. "ಅತ್ತಿಯವರ, ಆ ನೀರಿನ ಟಾಕಿ ಮ್ಯಾಲ ಕಾಗಿ ಕೂತಾದ ನೋಡ್ರಿ. ಕಾಣ್ಲತ್ತದೇನು?"

ಅವ್ವ ನೋಡಿದಳು. "ಭಾಳ ಛಲೋ ಕಾಣ್ಲತ್ತದರಿ."

"ಅಂಚಿನಾಗೂ ಸಾಫ್ ಅದೇನ್ರಿ?"

"ಅಂಚಿನಾಗಂತೂ ಇನ್ನಾ ಸಾಫ್ ಅದರಿ."

ಇವರು ಗೆದ್ದವರಂತೆ ನನ್ನ ಕಡೆ ತಿರುಗಿದರು. ನಾನು ದುರ್ಬೀನಿನ ಮುಂಭಾಗವನ್ನು ತೋರಿಸಿದೆ. ಎರಡೂ ಗಾಜುಗಳ ಮೇಲೆ ಕರಿಯ ಮುಚ್ಚಳ ಹಾಗೇ ಇದ್ದವು. ಇಷ್ಟೆಲ್ಲ ಪರೀಕ್ಷೆ ಮಾಡಿದ ತಪಾಸಣೆಯವರು ಮುಚ್ಚಳ ತೆಗೆಯುವುದನ್ನೇ ಮರೆತಿದ್ದರು. ಅಳಿಯ ಕೈಯಾರೆ ಕೊಟ್ಟದ್ದನ್ನು ಕಾಣುವುದಿಲ್ಲ ಅನ್ನುವ ಅತ್ತೆ ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಆ ಸಂಜೆ ಇವರು ಸಾರಿನಲ್ಲಿ ಉಪ್ಪು ಕಡಿಮೆ ಎಂದು ಸಹ ಹೇಳಲಿಲ್ಲ.

ಮರುದಿನ ಇವರು ಡ್ಯೂಟಿಗೆ ಹೋದ ಮೇಲೆ, ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದ ಅವ್ವನನ್ನು ಕೇಳಿದೆ, "ಮುಚ್ಚಳ ಇತ್ತು ಬಿಡು. ತಗದ ಮ್ಯಾಲರ ಕಾಣ್ತೇನಬೇ?"

"ಎಲ್ಲಿ ಕಾಣ್ತದ. ಸೂಜಿ ತೂತಿನಾಗ ನೋಡ್ದಂಗ ಆಗ್ತದ," ಅಂದಳು. ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿ, "ಅವತ್ತೂ ಕಂಡಿದ್ದಿಲ್ಲ," ಅಂದಳು.

"ಯಾವತ್ತು?"

"ನಿಮ್ಮಪ್ಪ ಕೋಟಿ ಮ್ಯಾಲ ನಿಂತಾಗ. ಆಗ ಚಸ್ಮಾ ಎಲ್ಲಿತ್ತು ನನಗ. ಬರೇ ಹಸರ ಗುಡ್ಡ ಕಾಣ್ತಿತ್ತು. ಅವರು ಬೆವತು ಇಳದು ಬಂದು, ನಾ ಕಂಡ್ನೇನು ಅಂತ ಕೇಳಿದ್ರು. ಪಾಪ ಅನಿಸ್ತು, ಹೂಂ ಅಂದೆ. ಆಮ್ಯಾಲ ಊರಿಗೆಲ್ಲಾ ಹೇಳ್ಕೋತ ಹೊಂಟ್ರು. ಹಿಂದ ಸರೀಲಿಕ್ಕಿ ದಾರಿ ಎಲ್ಲಿತ್ತವ್ವ?" ನಗುತ್ತಲೇ ಹೇಳಿದಳು. ಆಮೇಲೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. "ಅಲ್ಲಿ ನಿಂತ ಮನಶ್ಯಾ ಕೆಳಗಿಂದ ಹ್ಯಾಂಗ ಕಾಣ್ತಾನಂತ ಒಂದು ಸಲ ಖರೇನ ನೋಡಬೇಕಾಗ್ಯಾದ."

ನನಗೆ ನಗು ಬಂತು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಪ್ಪ ಹೆಮ್ಮೆಯಿಂದ ಹೇಳುತ್ತಿದ್ದ ಕತೆಯಲ್ಲಿ ಅಪ್ಪನೇ ಕಂಡಿರಲಿಲ್ಲ. ಇನ್ನು ಈ ದುರ್ಬೀನಿನಲ್ಲಿ ಅಳಿಯನೂ ಕಾಣದಿದ್ದರೆ ಅವ್ವ ಇನ್ನೊಂದು ಸುಳ್ಳು ಹೂಂ ಅಂದು ಊರಿಗೆ ಹೋಗುತ್ತಾಳೆ. ಹಾಗಾಗಲು ನಾನು ಬಿಡುವವಳಲ್ಲ.

ಭಾನುವಾರ ಇವರನ್ನು ಮತ್ತೆ ಅಂಗಡಿಗೆ ಎಳೆದುಕೊಂಡು ಹೋದೆ. ಅವ್ವನ ಗುಟ್ಟು ಹೇಳಲಿಲ್ಲ. ಸಣ್ಣ ದುರ್ಬೀನುಗಳನ್ನೆಲ್ಲ ಕನ್ನಡಕದ ಮೇಲೆಯೇ ಇಟ್ಟು ನೋಡುತ್ತ ಹೋದೆ. ರಬ್ಬರಿನ ಬಳೆ ಮಡಚಿದ ಮೇಲೆ ಒಂದರಲ್ಲಿ ಮಾತ್ರ ಕತ್ತಲೆ ಪೂರ್ತಿ ಸರಿದು, ಚಂದ್ರನಂಥ ದುಂಡನೆಯ ನೋಟ ತೆರೆದುಕೊಂಡಿತು. ಇವರು ಅದನ್ನು ತೆಗೆದುಕೊಂಡು ತಂತಿ ನೋಡಿದರು, ಬೋರ್ಡು ನೋಡಿದರು.

"ಅಂಚು ಮಸುಕದ. ತಂತಿಗಿ ನೇರಳೆ ಬಣ್ಣ ಹತ್ತ್ಯಾದ. ರಿಜೆಕ್ಟ್."

"ನೋಡೋರು ಯಾರ್ರಿ?" ಎಂದೆ. ನನ್ನ ಕನ್ನಡಕ ತೆಗೆದು ಅವರ ಮೂಗಿನ ಮೇಲೆ ಕೂರಿಸಿ, ಅವರು ಮೊದಲು ಆರಿಸಿದ್ದ ದುರ್ಬೀನನ್ನು ಕೈಗೆ ಕೊಟ್ಟೆ. ಅವರು ನಡುವಿನ ಚಕ್ರ ತಿರುಗಿಸುತ್ತ ಬಹಳ ಹೊತ್ತು ನೋಡಿದರು. ಕನ್ನಡಕವಿಲ್ಲದ ನನಗೆ ಅವರ ಮುಖ ಕಾಣುತ್ತಿರಲಿಲ್ಲ. ಅದೊಂದು ನಷ್ಟವೇ ಆಯಿತು.

"ಎಷ್ಟು ಕಾಣ್ತದರಿ?"

"ಎಂಟಾಣೆಯಷ್ಟು," ಎಂಬ ಸಣ್ಣ ದನಿ ಬಂತು.

ಅಂಗಡಿಯವರು ನಗು ತಡೆದುಕೊಂಡು, "ಆತಾ ಸಮಜಲಂ ಸಾಹೇಬ," ಈಗ ತಿಳಿಯಿತು ಎಂದು ಮರಾಠಿಯಲ್ಲಿ ಹೇಳಿ, ಹಳೆಯದನ್ನು ವಾಪಸು ತೆಗೆದುಕೊಂಡು ನಾನು ಆರಿಸಿದ್ದನ್ನು ಕೊಟ್ಟರು. ಮುಂದಿನ ವಾರ ಬೆಳಗಿನ ರೈಲಿಗೆ ನಾಸಿಕ್ ರೋಡಿನಿಂದ ಹೊರಟೆವು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರು ಆಗ ಔರಂಗಾಬಾದ್ ಆಗಿತ್ತು. ಅಲ್ಲಿಳಿದು ರಿಕ್ಷಾ ಹಿಡಿದು ದೌಲತಾಬಾದ್ ಮುಟ್ಟಿದೆವು. ರಸ್ತೆಯುದ್ದಕ್ಕೂ ಸೀತಾಫಲದ ಬುಟ್ಟಿಗಳು. ಇವರು ಇಳಿದು ಒಂದೊಂದನ್ನೂ ಒತ್ತಿ ನೋಡಿ, ಮಾರುವವಳಿಂದ ಬೈಸಿಕೊಂಡು ಬಂದರು.

ಕೋಟೆಯ ಒಳಗೆ, ಬಾರಾದರಿ ಕಾಣುವ ಕಡೆ, ಬೇವಿನ ನೆರಳಿನಲ್ಲಿ ಅವ್ವನನ್ನು ಕೂರಿಸಿದೆ. ಇವರು ಬೂಟಿನ ಲಾಡಿ ಬಿಗಿದು, ಮೊಬೈಲು ಜೇಬಿಗಿಟ್ಟು ಹತ್ತಿದರು. ಬಹಳ ಹೊತ್ತಾದ ಮೇಲೆ ಬಾರಾದರಿಯ ಕಮಾನಿನಲ್ಲಿ ಒಂದು ಬಿಳಿ ಚುಕ್ಕೆ ಅಲುಗಾಡಿತು. ನಾನು ದುರ್ಬೀನಿನಲ್ಲಿ ಮೊದಲು ನೋಡಿ, ಅದು ಇವರೇ ಎಂದು ಖಾತ್ರಿ ಮಾಡಿಕೊಂಡು, ಅವ್ವನ ಕೈಗೆ ಕೊಟ್ಟು ದಿಕ್ಕು ತೋರಿಸಿದೆ.

"ಕಾಣ್ಲತ್ತದೇನಬೇ?"

"ಹೂಂ, ಕಾಣ್ಲತ್ತದ," ಅಂದಳು.

ಈ ಹೂಂ ಎಂಥದೆಂದು ನನಗೆ ಗೊತ್ತಿತ್ತು. ಅವಳ ಬೆರಳು ಚಕ್ರವನ್ನು ಇನ್ನೂ ತಿರುಗಿಸುತ್ತಲೇ ಇತ್ತು. ತಟಕ್ಕನೆ ಅವಳ ಎಡಗೈ ಕೆಳಗಿಳಿದು, ಸೆರಗು ಹಿಡಿದು ತಲೆಯ ಮೇಲೆ ಎಳೆದುಕೊಂಡಿತು. ಯಾರು ಬಂದರೆಂದು ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನಮ್ಮ ಕಡೆ ಅಳಿಯ ಎದುರಿಗೆ ಬಂದರೆ ಅತ್ತೆ ತಲೆಯ ಮೇಲೆ ಸೆರಗು ಹೊದೆಯುತ್ತಾಳೆ.

"ಇಷ್ಟು ಹತ್ರ ನಿಂತಾರಲ್ಲ," ಎಂದು ಅವ್ವ ಪಿಸುಗುಟ್ಟಿದಳು, ಇವರಿಗೆ ಕೇಳಿಸೀತು ಎಂಬಂತೆ. "ಕೈ ಎತ್ತಿ ಮಾಡ್ಲತ್ತಾರ. ಬೆವತಾರ ಪಾಪ." ದುರ್ಬೀನಿನ ಕೆಳಗಿನಿಂದ ಅವಳ ಕೆನ್ನೆ ಒದ್ದೆಯಾಗುವುದು ಕಾಣುತ್ತಿತ್ತು.

ನನ್ನ ಮೊಬೈಲು ಹೊಡೆದುಕೊಂಡಿತು. ಮೇಲಿಂದ ಇವರು ಏದುಸಿರು ಬಿಡುತ್ತ, "ಕೈ ಸೋತುಬಂತು. ಅತ್ತಿಯವರಿಗಿ ಕಾಣ್ತೇನು ಕೇಳು," ಅಂದರು.

ಕೇಳಿದೆ. ಅವ್ವ ದುರ್ಬೀನು ಇಳಿಸಲಿಲ್ಲ.

"ಇನ್ನಾ ಕಾಣ್ಲಿಲ್ಲ ಅಂತ ಹೇಳು," ಅಂದಳು. "ಇನ್ನ ಜರಾ ಹೊತ್ತು ಕೈ ಮಾಡ್ಲಿ."