ಹೊಸ್ತಿಲಲ್ಲಿ ನಿಂತ ಹೆಸರು

ಕಥೆ ಹೀಗೆ ಓಡಾಡುತ್ತಿದೆ. ಉಗ್ಗು ಇದ್ದ ಒಬ್ಬ ಹುಡುಗಿ ಒಂದು ಬ್ಲಾಗ್ ಓದಿದಳು, ಧೈರ್ಯ ಬಂತು. ಮದುವೆಯಾಗಿ ಗಂಡನ ಮನೆ ಹೊಸ್ತಿಲಲ್ಲಿ ನಿಂತು, ನೆಂಟರಿಷ್ಟರ ಎದುರು ಗಂಡನ ಹೆಸರು ಹೇಳಿ, ಸೇರು ಒದ್ದು ಒಳಗೆ ಹೋದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಾಕ್ಷಿಗೆ ವಿಡಿಯೋ ಕೂಡ ಇದೆ. ಗಂಡಿನ ಕಡೆಯ ಯಾರೋ ಮೊಬೈಲಿನಲ್ಲಿ ತೆಗೆದದ್ದು. ಅದು ಶುರುವಾಗುವುದೇ ಚಪ್ಪಾಳೆಯಿಂದ. ಚಪ್ಪಾಳೆಗೆ ಮುಂಚೆ ಏನಾಯಿತು ಅಂತ ನೋಡಿದವರು ಯಾರೂ ಕೇಳಲಿಲ್ಲ. ಕೇಳಬೇಕಿತ್ತು.

ಎದುರಾಳಿಯ ವಾದವನ್ನು ಮೊದಲು ನ್ಯಾಯವಾಗಿ ಮಂಡಿಸು, ಆಮೇಲೆ ಒಡೆ ಎಂದು ನಮ್ಮ ಕಾಲೇಜಿನ ಚರ್ಚಾಕೂಟದ ಮೇಷ್ಟ್ರು ಕಲಿಸಿದ್ದರು. ಮಂಡಿಸಿದ್ದೇನೆ. ಒಡೆಯುವ ಹಕ್ಕು ನನಗಿದೆ, ಯಾಕೆಂದರೆ ಆ ಬ್ಲಾಗ್ ನನ್ನದು, ಮತ್ತು ಅವತ್ತು ಆ ಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡಿಗೆ ಒರಗಿಕೊಂಡು ನಾನೂ ನಿಂತಿದ್ದೆ.

ನನಗೂ ಉಗ್ಗು ಇದೆ. ಉಗ್ಗು ಇಟ್ಟುಕೊಂಡು ಚರ್ಚಾಸ್ಪರ್ಧೆಗೆ ಹೇಗೆ ಹೋದೆ ಅಂತ ಎಲ್ಲರೂ ಕೇಳುತ್ತಾರೆ. ಜಗಳ ಆಡುವಾಗ ನನ್ನ ಮಾತು ಕಟ್ಟುವುದಿಲ್ಲ. ಪರ ಕೊಡಿ, ವಿರೋಧ ಕೊಡಿ, ಗಂಟೆ ಹೊಡೆಯುವವರೆಗೂ ಮಾತಾಡುತ್ತೇನೆ. ಆದರೆ ಸ್ಪರ್ಧೆಗೆ ಮುಂಚೆ ಟೇಬಲ್ಲಿನ ಹಿಂದೆ ಕೂತವರು "ಹೆಸರು ಹೇಳಮ್ಮ" ಅಂದರೆ ಗಂಟಲಿಗೆ ಬೀಗ ಬೀಳುತ್ತಿತ್ತು. ಕಾಲೇಜಿನ ಐಡಿ ಕಾರ್ಡ್ ತೋರಿಸಿ ತಪ್ಪಿಸಿಕೊಳ್ಳುತ್ತಿದ್ದೆ. ಕಪ್ ಗೆದ್ದು ಬನಶಂಕರಿಗೆ ವಾಪಸ್ ಬರುವಾಗ ಆಟೋದವರಿಗೆ ಬನಶಂಕರಿ ಅನ್ನಲಾಗದೆ ಎರಡು ಬಸ್ ಬದಲಿಸಿದ್ದೂ ಇದೆ.

ಬ್ಲಾಗ್ ಶುರುವಾದದ್ದು ಸ್ಫೂರ್ತಿ ಕೊಡುವುದಕ್ಕಲ್ಲ, ಸಿಟ್ಟಿಗೆ. ಯಾರೋ ಒಬ್ಬರು 'ಮನಸ್ಸು ಮಾಡಿದೆ, ಉಗ್ಗು ಓಡಿಹೋಯಿತು' ಅಂತ ಬರೆದಿದ್ದರು. ಅದನ್ನು ಸಾಲು ಸಾಲಾಗಿ ಖಂಡಿಸಿ ಬರೆದೆ. ಓಡಿಹೋಗುವುದಕ್ಕೆ ಅದೇನು ಕಳ್ಳನಾ? ನನ್ನ ಉಗ್ಗು ಇಲ್ಲೇ ಇದೆ, ಇಲ್ಲೇ ಇರುತ್ತೆ, ನನ್ನ ಮಾತು ಬೇಕಾದವರು ಸ್ವಲ್ಪ ಕಾಯಲಿ ಅಂತ. ಇದಕ್ಕೆ ಜನ ಬೈಯುತ್ತಾರೆ ಅಂದುಕೊಂಡಿದ್ದೆ. "ತುಂಬಾ ಇನ್ಸ್ಪೈರಿಂಗ್ ಮೇಡಂ" ಅಂದರು. ಸ್ಫೂರ್ತಿಯ ವಿರುದ್ಧ ವಾದ ಮಾಡಲು ಹೋಗಿ ನಾನೇ ಸ್ಫೂರ್ತಿ ಆಗಿಬಿಟ್ಟೆ. ಇದನ್ನು ಸೋಲು ಅಂತ ಬರೆದುಕೊಳ್ಳಬಹುದು.

ಆ ಕಾಮೆಂಟುಗಳಿಂದ ಹುಟ್ಟಿದ್ದು ನಮ್ಮ ಭಾನುವಾರದ ಗುಂಪು. ಜಯನಗರದ ಒಂದು ಪಾರ್ಕಿನ ಕಲ್ಲುಬೆಂಚಿನ ಸುತ್ತ ಮೊದಲ ಸಲ ಸೇರಿದಾಗ ನಮ್ಮ ನಮ್ಮ ಹೆಸರು ಹೇಳಿಕೊಳ್ಳುವುದರಲ್ಲೇ ಬಿಸಿಲು ಬೆಂಚಿನ ಈ ತುದಿಯಿಂದ ಆ ತುದಿಗೆ ಹೋಗಿತ್ತು. ಯಾರೂ ಗಡಿಯಾರ ನೋಡಲಿಲ್ಲ. ನನ್ನ ಹೆಸರು ಹೊರಗೆ ಬರಲು ಹಿಡಿಯುವ ಹೊತ್ತು ಅವತ್ತಿಗೂ ಇವತ್ತಿಗೂ ಅಷ್ಟೇ. ಆ ಹೊತ್ತಿನಲ್ಲಿ ನೆಲ ನೋಡುತ್ತಿದ್ದವಳು ಎದುರಿನವರ ಮುಖ ನೋಡಲು ಕಲಿತೆ. ಆತ್ಮವಿಶ್ವಾಸ ಅಂತ ನನಗೆ ಸಿಕ್ಕಿದ್ದು ಇಷ್ಟೇ. ಕಡಿಮೆ ಅನ್ನುವವರ ಜೊತೆ ವಾದಕ್ಕೆ ಸಿದ್ಧ.

ಗುಂಪಿಗೆ ಒಂದೇ ಒಂದು ಕಾನೂನು: ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಮಾಡಬಾರದು. ಎಷ್ಟೇ ಹೊತ್ತಾಗಲಿ, ಗೊತ್ತಿರುವ ಪದವೇ ಆಗಲಿ, ಬಾಯಿ ಮುಚ್ಚಿಕೊಂಡು ನಿಂತಿರಬೇಕು.

ಪಾರ್ಕಿನಿಂದ ಎದುರಿನ ದರ್ಶಿನಿಗೆ ಹೋಗುತ್ತೇವೆ. ಭಾನುವಾರದ ತಿಂಡಿ ಹೊತ್ತು, ಹಿಂದೆ ಕ್ಯೂ, ಮುಂದೆ ಆತುರದ ಕ್ಯಾಶಿಯರ್. ಒಬ್ಬೊಬ್ಬರೇ ಕೌಂಟರಿಗೆ ಹೋಗಿ ತಮಗೆ ಬೇಕಾದ್ದನ್ನು ಬಾಯಿಬಿಟ್ಟು ಹೇಳಬೇಕು. ನಮ್ಮಂಥವರು ಬೇಕಾದ್ದನ್ನು ತಿನ್ನುವುದಿಲ್ಲ, ಹೇಳೋಕೆ ಬಂದದ್ದನ್ನು ತಿನ್ನುತ್ತೇವೆ. ಆಮೇಲೆ ಅದೇ ಇಷ್ಟ ಅಂತ ಮನೆಯವರನ್ನೂ ನಂಬಿಸುತ್ತೇವೆ.

ಆ ವಿಡಿಯೋದ ಹುಡುಗಿ ಗುಂಪಿಗೆ ಬಂದ ಹೊಸತರಲ್ಲಿ ಪ್ರತಿ ವಾರ ಇಡ್ಲಿ ಹೇಳುತ್ತಿದ್ದಳು. ಜೆ.ಪಿ. ನಗರದ ಹುಡುಗಿ. ಅಪ್ಪ ದಾವಣಗೆರೆ ಕಡೆಯಿಂದ ಬಂದು ಇಲ್ಲಿ ಬಟ್ಟೆ ವ್ಯಾಪಾರ ಮಾಡುವವರು. ನನಗಿಂತ ಸ್ವಲ್ಪ ಚಿಕ್ಕವಳು, ಅದಕ್ಕೇ ಅಕ್ಕ ಅನ್ನುತ್ತಿದ್ದಳು. ಅವಳಿಗೆ ತುಟಿ ಮುಚ್ಚಿ ಶುರುವಾಗುವ ಮಾತುಗಳು ಕಷ್ಟ. ತುಟಿ ಕೂಡಿಕೊಂಡರೆ ಬಿಡಿಸಿಕೊಳ್ಳುವುದಿಲ್ಲ, ಸದ್ದೇ ಇಲ್ಲದೆ ನಿಂತುಬಿಡುತ್ತಾಳೆ. ನೋಡಿದವರು ನಾಚಿಕೆ ಅಂದುಕೊಳ್ಳುತ್ತಾರೆ.

ಒಂದು ಭಾನುವಾರ ಅವಳು ಕೌಂಟರಿನಲ್ಲಿ ನಿಂತವಳು ಇಡ್ಲಿ ಅನ್ನಲಿಲ್ಲ. ತುಟಿ ಮುಚ್ಚಿದಳು. ಹಿಂದಿನವರು "ಮೇಡಂ, ಬೇಗ" ಅಂದರು. ಕ್ಯಾಶಿಯರ್ "ಏನ್ ಕೊಡ್ಲಿ, ಇಡ್ಲೀನಾ?" ಅಂದ. ಅವಳು ತಲೆ ಅಡ್ಡ ಆಡಿಸಿದಳು. ಕೊನೆಗೆ "ಮಸಾಲೆ ದೋಸೆ" ಅಂತ ಬಂತು, ಇಡೀ ದರ್ಶಿನಿ ತಿರುಗಿ ನೋಡುವಷ್ಟು ಜೋರಾಗಿ. ಆ ದೋಸೆಯನ್ನು ಅವಳು ತಿಂದ ರೀತಿ! ನಮಗೆ ಒಂದು ಚೂರೂ ಕೊಡಲಿಲ್ಲ.

ಕೆಲವು ತಿಂಗಳಲ್ಲಿ ಮದುವೆ ಗೊತ್ತಾಯಿತು. ಹುಡುಗನ ಮನೆ ಅರೆಕೆರೆಯಲ್ಲಿ. ಅವರದೂ ಅದೇ ಕಡೆಯ ಮೂಲ. ಪಾರ್ಕಿನಲ್ಲಿ ಅವಳು ಇದನ್ನು ಹೇಳಲು ತೆಗೆದುಕೊಂಡ ಹೊತ್ತನ್ನು ನಾನಿಲ್ಲಿ ಬರೆದು ತೋರಿಸುವುದಿಲ್ಲ. ತೋರಿಸಿದರೆ ನೀವು ನಡುವೆಯೇ ಎದ್ದು ಹೋಗುತ್ತೀರಿ.

"ಹುಡುಗನಿಗೆ ಹೇಳಿದ್ದೀಯಾ?" ಅಂತ ಕೇಳಿದೆ.

"ಏನ್ ಹೇಳ್ಲಿ ಅಕ್ಕ? ಫೋನಲ್ಲಿ ಅವರೇ ಮಾತಾಡ್ತಾರೆ, ನಾನು ಹ್ಞೂಂ ಅಂತೀನಿ. ಹೋಟೆಲಿಗೆ ಹೋದ್ರೆ ಇಡ್ಲಿ ಅಂತೀನಿ. ಸೈಲೆಂಟ್ ಹುಡುಗಿ ಅಂತ ಅವರಮ್ಮ ಖುಷಿಯಾಗಿದ್ದಾರೆ."

"ಎಷ್ಟು ದಿನ ಹೀಗೆ?"

"ಒಂದೇ ದಿನ ಕಷ್ಟ. ಮನೆ ತುಂಬಿಸ್ಕೊಳ್ಳೋ ದಿನ."

ಅವರ ಕಡೆ ಒಂದು ಶಾಸ್ತ್ರ ಇದೆ. ಮದುಮಕ್ಕಳು ಮನೆಗೆ ಬಂದಾಗ ಬಾಗಿಲು ತಡೆದು ನಿಲ್ಲುತ್ತಾರೆ. ಗಂಡ ಹೆಂಡತಿಯ ಹೆಸರನ್ನೂ ಹೆಂಡತಿ ಗಂಡನ ಹೆಸರನ್ನೂ ಒಡಪು ಕಟ್ಟಿ, ಅಂದರೆ ಪ್ರಾಸದ ಎರಡು ಸಾಲಿನೊಳಗೆ ಸೇರಿಸಿ ಹೇಳಬೇಕು. ಹೇಳಿದರೆ ದಾರಿ. ಉಗ್ಗು ಇರುವವರಿಗೆ ಇದಕ್ಕಿಂತ ದೊಡ್ಡ ಬಲೆ ಇಲ್ಲ. ದೋಸೆ ಬದಲು ಇಡ್ಲಿ ಅನ್ನಬಹುದು. ಹೆಸರಿನ ಬದಲು ಏನು ಹೇಳುವುದು? ಅದರ ಮೇಲೆ ಅವನ ಹೆಸರು ತುಟಿ ಮುಚ್ಚಿ ಶುರುವಾಗುವಂಥದ್ದು.

"ಅವತ್ತೊಂದ್ಸಲ ಹೇಳಿದ್ರೆ ಮುಗೀತು ಅಕ್ಕ. ಆಮೇಲೆ ಜೀವನಪೂರ್ತಿ 'ರೀ' ಅಂದ್ರೆ ನಡಿಯುತ್ತೆ. ಗಂಡನ ಹೆಸರು ಕರೀಬಾರ್ದು ಅನ್ನೋ ಮನೆ. ನನಗೆ ಇದಕ್ಕಿಂತ ಒಳ್ಳೆ ಮನೆ ಎಲ್ಲಿ ಸಿಗುತ್ತೆ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. "ಬ್ಯಾಂಕಲ್ಲಿ ಗಂಡನ ಹೆಸರು ಕೇಳಿದ್ರೆ?"

"ಬರ್ದು ಕೊಡ್ತೀನಿ."

"ಮುಂಚೇನೇ ಅವನಿಗೆ ಹೇಳು. ಬಾಗಿಲು ಸ್ಟೇಜ್ ಅಲ್ಲ."

"ನಿಮ್ಮ ಬ್ಲಾಗಲ್ಲಿ ನೀವೇ ಬರ್ದಿದ್ದೀರಲ್ಲ, ನನ್ನ ಮಾತು ಬೇಕಾದವರು ಕಾಯಲಿ ಅಂತ. ಅವರಿಗೆ ಬೇಕಲ್ವಾ ಹೆಸರು? ಕಾಯಲಿ."

ನನ್ನ ಮಾತನ್ನೇ ನನ್ನ ಮುಂದೆ ಇಟ್ಟಳು. ಆಗ ಮಾತಾಡಿದ್ದು ನಮ್ಮ ಗುಂಪಿನ ಅಂಕಲ್, ತ್ಯಾಗರಾಜನಗರದಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟವರು.

"ಹೇಳ್ಬಿಡಮ್ಮ ಹುಡುಗನಿಗೆ. ನಾನು ಹೇಳಿರ್ಲಿಲ್ಲ. ಧಾರೆ ಹೊತ್ತಲ್ಲಿ ಪುರೋಹಿತರು ಗೋತ್ರ ಕೇಳಿದ್ರು, ನನಗೆ ಕಟ್ಕೊಳ್ತು, ನಮ್ಮಪ್ಪ ಹೇಳಿಬಿಟ್ರು. ಅವತ್ತಿಂದ ನನ್ನ ಹೆಂಡತಿಗೆ ಅಭ್ಯಾಸ ಆಗೋಯ್ತು. ಡಾಕ್ಟರು ನನ್ನ ನೋಡಿ ಎಲ್ಲಿ ನೋವು ಅಂತಾರೆ, ಎಡಮಂಡಿ ಅಂತ ಅವಳು ಹೇಳ್ತಾಳೆ. ನೋವಿದ್ದಿದ್ದು ಬಲಮಂಡಿ."

ಅವಳು ಒಪ್ಪಲಿಲ್ಲ. ಹೇಳುತ್ತೇನೆ, ಹೊಸ್ತಿಲಲ್ಲೇ, ನಾನೇ ಅಂದಳು. ಹಾಗಾದರೆ ಒಡಪನ್ನಾದರೂ ಸರಿಯಾಗಿ ಕಟ್ಟೋಣ ಅಂತ ಎಲ್ಲರೂ ಕೂತೆವು. ಹೆಸರೊಂದನ್ನು ಬಿಟ್ಟು ಬೇರೆಲ್ಲೂ ತುಟಿ ಮುಚ್ಚಿ ಶುರುವಾಗುವ ಪದ ಬರದ ಹಾಗೆ ಕಟ್ಟಿದೆವು:

ಜಯನಗರದ ಸಾಲು ಗಿಡಕ್ಕೆ ಹಳದಿ ಹೂವಿನ ಜಾತ್ರೆ,
___ ಅವರ ಜೊತೆಗೆ ಇಂದು ಶುರು ನನ್ನ ಯಾತ್ರೆ.

ಏಳುವಾಗ ಅವಳು ಇನ್ನೊಂದು ಮಾತು ಹೇಳಿದಳು. "ನೀವೆಲ್ಲ ಬರ್ಬೇಕು. ಏನಾದ್ರೂ ಆಗ್ಲಿ, ಯಾರೂ ಹೇಳಿಕೊಡಬಾರ್ದು. ಕಾನೂನು ಕಾನೂನೇ."

ಮದುವೆ ಮುಗಿಸಿ ಅರೆಕೆರೆಯ ಅಪಾರ್ಟ್‌ಮೆಂಟಿಗೆ ಬಂದಾಗ ಮಧ್ಯಾಹ್ನದ ಬಿಸಿಲು. ಲಿಫ್ಟಿನಿಂದ ಬಾಗಿಲವರೆಗೆ ಜನ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಹುಡುಗನ ಸೋದರತ್ತೆ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಿದ್ದರು. ಅವರ ಪಕ್ಕ ಆರತಿ ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು.

ಹುಡುಗ ತನ್ನ ಸಾಲು ಪಟಪಟ ಹೇಳಿ ಅವಳ ಹೆಸರು ಹೇಳಿದ. ಶಿಳ್ಳೆ ಬಿತ್ತು. "ಈಗ ನೀ ಹೇಳವಾ. ಹೇಳದಿದ್ರ ಒಳಗ ಬಿಡಂಗಿಲ್ಲ" ಅಂದರು ಸೋದರತ್ತೆ.

ಅವಳು ಶುರು ಮಾಡಿದಳು. ಮೊದಲ ಸಾಲು ಒಂದೂ ಕಲ್ಲು ಸಿಗದೆ ಹರಿದು ಬಂತು. ಜಾತ್ರೆ ಅಂದಳು. ತುಟಿ ಮುಚ್ಚಿದಳು.

ಅಲ್ಲಿಗೆ ನಿಂತಿತು.

"ನಾಚ್ಕೊಂಡಾಳ ನೋಡ್ರಿ!" ಅಂತ ಯಾರೋ ಅಂದರು. ನಗು.

"ಹೆಸರು ಮರ್ತಿ ಏನವಾ? ತಾಳಿ ಕಟ್ಟಿ ಒಂದು ದಿನ ಆಗಿಲ್ಲ!"

"ಮಗಾ, ನೀನೇ ಹೆಸರು ಚೇಂಜ್ ಮಾಡ್ಕೊ, ಈಸಿ ಇರೋದು ಇಟ್ಕೊ!" ಇದು ಹುಡುಗನ ಗೆಳೆಯರು.

ಇನ್ನೂ ನಗು. ಆಮೇಲೆ ನಗು ಸಣ್ಣದಾಯಿತು. ಆಮೇಲೆ ಯಾರೂ ನಗಲಿಲ್ಲ. ಚಾಚಿದ ಕೈ ನೋಯುತ್ತಿತ್ತೇನೋ, ಸೋದರತ್ತೆ ಒಂದನ್ನು ಇಳಿಸಿದರು. ಅವಳ ಅಪ್ಪ ಲಿಫ್ಟಿನ ಹತ್ತಿರ ಗೋಡೆ ನೋಡುತ್ತಿದ್ದರು. ತಟ್ಟೆಯ ಕರ್ಪೂರ ಕರಗಿ ಉರಿ ಗಿಡ್ಡವಾಗುತ್ತಿತ್ತು. ಅವನ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ನನಗೆ ಅದು ಕಷ್ಟದ ಹೆಸರೇ ಅಲ್ಲ. ಪಕ್ಕದಲ್ಲಿದ್ದ ಅಂಕಲ್ ನನ್ನ ಮೊಣಕೈಯನ್ನು ಹಿಡಿದುಕೊಂಡಿದ್ದರು, ನನ್ನನ್ನು ತಡೆಯಲೋ ತಮ್ಮನ್ನೇ ತಡೆದುಕೊಳ್ಳಲೋ ಗೊತ್ತಿಲ್ಲ. ನಮ್ಮ ಗುಂಪಿನವರು ಒಬ್ಬರೂ ಬಾಯಿ ತೆರೆಯಲಿಲ್ಲ.

ಆಗ ಅವಳ ದವಡೆ ಸಡಿಲವಾಯಿತು.

ನಮ್ಮಂಥವರಿಗೆ ಇದು ಗೊತ್ತು. ಮಾತು ಬಿಡಿಸಿಕೊಳ್ಳುವ ಮುಂಚೆ ಕಿವಿಯ ಕೆಳಗಿನ ಬಿಗಿ ಒಂದು ಸಲ ಇಳಿಯುತ್ತದೆ. ದೋಸೆಯ ದಿನ ನಾನು ಅದನ್ನು ನೋಡಿದ್ದೆ. ಅದರ ಹಿಂದೆಯೇ ಮಾತು ಬಂದಿತ್ತು.

ಈ ಸಲ ಹಿಂದೆಯೇ ಬಂದದ್ದು ಅವನ ದನಿ. ಮುಂದೆ ಬಾಗಿ, ನಗುತ್ತಾ, ತನ್ನ ಹೆಸರನ್ನು ತಾನೇ ಜೋರಾಗಿ ಹೇಳಿಬಿಟ್ಟ. "ಸಾಕು ಬಿಡ್ರಿ ಅತ್ತೆ, ಪಾಪ, ಬೆಳಿಗ್ಗೆಯಿಂದ ನಿಂತೇ ಇದ್ದಾಳೆ."

ಚಪ್ಪಾಳೆ. ವಿಡಿಯೋ ಶುರುವಾಗುವುದು ಇಲ್ಲಿಂದ. ಸೇರು ಉರುಳಿತು, ಅಕ್ಕಿ ಚೆಲ್ಲಿತು, ಅವಳು ಒಳಗೆ ಹೋದಳು. ಹೋಗುವಾಗ ನಮ್ಮ ಕಡೆ ನೋಡಲಿಲ್ಲ.

ನನ್ನ ವಾದದ ದುರ್ಬಲ ಜಾಗವನ್ನೂ ಹೇಳಬೇಕು. ಆ ದವಡೆ ಸಡಿಲವಾದದ್ದನ್ನು ನೋಡಿದ್ದು ನಾನೊಬ್ಬಳೇ. ಅಂಕಲ್ ನೋಡಲಿಲ್ಲವಂತೆ, ಅವರು ಕಣ್ಣು ಮುಚ್ಚಿಕೊಂಡಿದ್ದರಂತೆ. ನನಗೆ ಹಾಗೆ ಕಾಣಬೇಕಿತ್ತು, ಕಂಡಿತು ಅಂತ ಯಾರಾದರೂ ಅಂದರೆ ನನ್ನ ಹತ್ತಿರ ಪುರಾವೆ ಇಲ್ಲ. ಹುಡುಗ ಕೆಟ್ಟವನೂ ಅಲ್ಲ. ಕೆಟ್ಟವನಾಗಿದ್ದರೆ ವಾದ ಸುಲಭವಾಗಿತ್ತು.

ವಿಡಿಯೋ ಹರಡಿತು. ಅವತ್ತು ಬರಲಾಗದಿದ್ದ ನಮ್ಮ ಗುಂಪಿನ ಒಬ್ಬರು ಹೆಮ್ಮೆಯಿಂದ ಬ್ಲಾಗಿನ ಕೊಂಡಿ ಸೇರಿಸಿ ಹಂಚಿಕೊಂಡರು. "ಒಂದು ಜೀವ ಉಳಿಸಿದ್ರಿ ಮೇಡಂ" ಅಂತ ಕಾಮೆಂಟುಗಳು. ಅಲ್ಲಿ ಹೆಸರು ಹೇಳಿದ್ದು ಅವಳಲ್ಲ ಅಂತ ಬರೆಯಲು ಕೂತೆ, ಅವಳಿಗೆ ಮೆಸೇಜ್ ಮಾಡಿ ಕೇಳಿದೆ. "ಇರ್ಲಿ ಬಿಡಿ ಅಕ್ಕ, ಹಾಗೇ ಅಂದ್ಕೊಳ್ಳಲಿ" ಅಂತ ಬಂತು. ಬಿಟ್ಟೆ. ಈಗ ಬರೆದದ್ದನ್ನೂ ಮೊದಲು ಅವಳಿಗೇ ಕಳಿಸಿದೆ. ಬಹಳ ಹೊತ್ತಿನ ಮೇಲೆ ಉತ್ತರ ಬಂತು: "ಹಾಕಿ. ಹೆಸರು ಬೇಡ." ಅದಕ್ಕೇ ಇಲ್ಲಿ ಯಾರ ಹೆಸರೂ ಇಲ್ಲ.

ಮದುವೆಯಾದ ಮೇಲೆ ಅವಳು ಪಾರ್ಕಿಗೆ ಬರುವುದು ನಿಂತಿತ್ತು. ಕಳೆದ ತಿಂಗಳ ಒಂದು ಭಾನುವಾರ ಇಬ್ಬರೂ ಬಂದರು. ಅವನು ಎಲ್ಲರನ್ನೂ ಚೆನ್ನಾಗಿ ಮಾತಾಡಿಸಿದ. ಅಂಕಲ್ ಮಾತು ಕಟ್ಟಿಕೊಂಡಾಗ ಮಾತ್ರ ಅವರ ಪದವನ್ನು ಇವನೇ ಮುಗಿಸಿಕೊಟ್ಟ. ದರ್ಶಿನಿಗೆ ರಸ್ತೆ ದಾಟುವಾಗ ಅವನು ನನ್ನ ಪಕ್ಕ ಬಂದು ದನಿ ತಗ್ಗಿಸಿ ಹೇಳಿದ, "ಎಲ್ಲಾ ಹೇಳಿದ್ದಾಳೆ ಮೇಡಂ ನನಗೆ. ಟೆನ್ಷನ್ ತಗೋಬೇಡಿ. ಅವಳು ಬಾಯಿ ಬಿಡೋ ಅವಶ್ಯಕತೆನೇ ಬರದ ಹಾಗೆ ನೋಡ್ಕೊತೀನಿ."

ಮನಸ್ಸಿನಿಂದ ಹೇಳಿದ ಮಾತು. ಭಯ ಆದದ್ದು ಅದಕ್ಕೇ.

ಕೌಂಟರಿನಲ್ಲಿ ಅವರಿಬ್ಬರ ಹಿಂದೆ ನಾನಿದ್ದೆ, ನನ್ನ ಹಿಂದೆ ಉದ್ದ ಕ್ಯೂ. ಅವನು ಪರ್ಸ್ ತೆಗೆದು ಕ್ಯಾಶಿಯರಿಗೆ ಹೇಳಿದ, "ನನಗೊಂದು ಮಸಾಲೆ ದೋಸೆ. ಇವಳಿಗೆ ಇಡ್ಲಿ." ಮತ್ತೆ ನನ್ನ ಕಡೆ ತಿರುಗಿ, "ಇವಳಿಗೆ ಇಡ್ಲಿ ಅಂದ್ರೆ ಪ್ರಾಣ ಮೇಡಂ" ಅಂದ.

ಅವಳು ಕೌಂಟರಿನ ಗಾಜಿನ ಮೇಲೆ ಬೆರಳಿಟ್ಟು ನಿಂತಿದ್ದಳು. ತುಟಿ ಮುಚ್ಚಿತ್ತು. ಸುಮ್ಮನಿದ್ದುದಕ್ಕೆ ಮುಚ್ಚಿತ್ತೋ, ಏನೋ ಹೇಳುವುದಕ್ಕೆ ಮುಚ್ಚಿತ್ತೋ, ಹಿಂದೆ ನಿಂತ ನನಗೆ ಕಾಣಲಿಲ್ಲ.

"ಒಂದು ನಿಮಿಷ" ಅಂತ ಕ್ಯಾಶಿಯರಿಗೆ ಹೇಳಿದೆ. ಅವನ ಕೈ ಬಿಲ್ ಮೆಷಿನ್ ಮೇಲೆ ನಿಂತಿತು. ಗಂಡ ನಗುತ್ತಾ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಕಡೆ ನೋಡಲಿಲ್ಲ. ಪಕ್ಕಕ್ಕೆ ಬಂದು ಅವಳ ಮುಖ ನೋಡಿ ಕೇಳಿದೆ:

"ನಿನಗೇನು ಬೇಕು?"