ಕಾದ ಕಬ್ಬಿಣ ಅದ್ದಿದ ನೀರು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದುದು ‘ಚುಂಯ್’ ಎಂಬ ಸದ್ದಿನಿಂದ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅಪ್ಪ ಒಂದು ಕಬ್ಬಿಣದ ತುಂಡನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ, ಬಾವಿಯ ನೀರು ತುಂಬಿದ ಚೊಂಬಿನಲ್ಲಿ ಅದ್ದುತ್ತಿದ್ದರು. ಆವಿ ಏಳುತ್ತಿತ್ತು, ಸುಟ್ಟ ಮೊಳೆಯಂಥ ವಾಸನೆ ಬರುತ್ತಿತ್ತು. ಅಕ್ಕ ಮೂಗು ಹಿಡಿದುಕೊಂಡು ಆ ನೀರು ಕುಡಿಯಬೇಕಿತ್ತು. ಅವಳಿಗೆ ರಕ್ತ ಕಡಿಮೆಯಾಗಿತ್ತು; ಕಬ್ಬಿಣ ಅದ್ದಿದ ನೀರು ಕುಡಿದರೆ ರಕ್ತ ಏರುತ್ತದೆ ಎಂದು ನಮ್ಮ ಬೀದಿಯವರೆಲ್ಲ ನಂಬಿದ್ದರು. ಅವಳು ಕುಡಿದ ಪ್ರತಿ ಲೋಟಕ್ಕೂ ನಾನು ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ ಎಳೆಯುತ್ತಿದ್ದೆ.

ಗೆರೆಗಳು ಬಾಗಿಲ ತನಕ ಬಂದವು. ಅಕ್ಕನ ಮುಖ ಮಾತ್ರ ಬಿಳಿಚಿಕೊಳ್ಳುತ್ತಲೇ ಹೋಯಿತು. ಊಟ ಸೇರುತ್ತಿರಲಿಲ್ಲ, ಹೊಟ್ಟೆನೋವು ಬಿಡುತ್ತಿರಲಿಲ್ಲ. ಅಪ್ಪ ದಿನದ ಎರಡು ಲೋಟವನ್ನು ನಾಲ್ಕು ಮಾಡಿದರು. ಒಂದು ಭಾನುವಾರ ಅವಳು ಬಾವಿಕಟ್ಟೆಯ ಹತ್ತಿರ ಕೊಡದ ಸಮೇತ ಕುಸಿದುಬಿದ್ದಳು. ಮರುದಿನವೇ ಅಪ್ಪ ನಮ್ಮಿಬ್ಬರನ್ನೂ ಕರೆದುಕೊಂಡು ಶಿವಮೊಗ್ಗದ ಬಸ್ಸು ಹತ್ತಿದರು.

ಡಾಕ್ಟರ ಷಾಪು ಕೋಟೆಯ ಹತ್ತಿರವಿತ್ತು. ಒಳಗೆಲ್ಲ ಸ್ಪಿರಿಟ್ಟಿನ ವಾಸನೆ. ಕಾಂಪೌಂಡರ್ ಅಕ್ಕನ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದುಕೊಂಡು ಹೋದ. ಆ ಹನಿ ನನಗೆ ನೀರು ಬೆರೆಸಿದ ಹಾಗೆ ತೆಳ್ಳಗೆ ಕಂಡಿತು. ರಕ್ತ ತೀರಾ ಇಳಿದಿದ್ದರೆ ಅವಳನ್ನು ದೊಡ್ಡಾಸ್ಪತ್ರೆಯಲ್ಲೇ ಬಿಟ್ಟು ಹೋಗಬೇಕಾಗುತ್ತದೆ ಎಂದು ಅವನು ಅಪ್ಪನಿಗೆ ಹೇಳಿದ್ದು ನನಗೂ ಕೇಳಿಸಿತ್ತು. ನನಗೆ ಕೂರಲಾಗಲಿಲ್ಲ. ಬೆಂಚಿನಿಂದ ಬಾಗಿಲಿಗೆ, ಬಾಗಿಲಿನಿಂದ ಬೆಂಚಿಗೆ ಓಡಾಡಿದೆ. ನೆಲದ ಕಲ್ಲುಗಳನ್ನು ಎಣಿಸಿದೆ, ಲೆಕ್ಕ ತಪ್ಪಿತು, ಮತ್ತೆ ಎಣಿಸಿದೆ.

“ಕೂತ್ಕೊಳ್ಳೋ ಮಾರಾಯ. ನಿನ್ನ ನೋಡಿದ್ರೇ ನನಗೆ ತಲೆ ಸುತ್ತುತ್ತೆ,” ಎಂದಳು ಅಕ್ಕ.

ಕೊನೆಗೆ ಡಾಕ್ಟರು ಕರೆದು ಅಕ್ಕನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಕೆಂಪಿರಬೇಕಾದ ಕಡೆ ಸುಣ್ಣದಂಥ ಬಿಳುಪು. ಬಾಯಿ ತೆರೆಸಿದರು, ಹಲ್ಲುಗಳ ಮೇಲೆ ಕಂದು ಪಟ್ಟಿ. ನನ್ನ ಬಾಯಿಯನ್ನೂ ನೋಡಿದರು. ನನಗೂ ಅವೇ ಪಟ್ಟಿಗಳು. ಸರಿಯಾಗಿ ಉಜ್ಜದ್ದಕ್ಕೆ ಹೀಗೆಂದು ನಾವು ಅಂದುಕೊಂಡಿದ್ದೆವು.

ಅಪ್ಪ ತಮ್ಮ ಕಬ್ಬಿಣದ ಮದ್ದಿನ ವಿಷಯವನ್ನು ಹೆಮ್ಮೆಯಿಂದಲೇ ಹೇಳಿದರು.

“ಯಾವ ನೀರಲ್ಲಿ ಅದ್ದುತ್ತೀರಿ?” ಎಂದು ಡಾಕ್ಟರು ಕೇಳಿದರು.

“ನಮ್ಮ ಬಾವೀದೇ ಸಾರ್. ಗಾಜಿನ ಥರ ಇದೆ.”

“ಅದರಲ್ಲಿ ಫ್ಲೋರೈಡ್ ಜಾಸ್ತಿ ಇರೋ ಹಾಗಿದೆ. ಮಕ್ಕಳ ಹಲ್ಲೇ ಹೇಳ್ತಾ ಇದೆ. ಔಷಧಿ ಅಂತ ಅದನ್ನೇ ಇನ್ನಷ್ಟು ಕುಡಿಸಿದ್ದೀರಲ್ರೀ.”

ಕಲ್ಲಿನಿಂದ ನೀರಿಗೆ ಇಳಿಯುವ ಆ ಲವಣ ಅತಿಯಾದರೆ ಹೊಟ್ಟೆಯ ಒಳಪದರ ಕೆಡಬಹುದು, ಆಗ ತಿಂದ ಸೊಪ್ಪು ಕಾಳಿನ ಸತ್ವ ರಕ್ತಕ್ಕೆ ಸೇರುವುದಿಲ್ಲ ಎಂದು ಅವರು ಬಿಡಿಸಿ ಹೇಳಿದರು. ಕಾಯಿಸಿದರೂ ಅದು ಹೋಗುವುದಿಲ್ಲವಂತೆ. ರಕ್ತ ಇನ್ನೂ ತೀರಾ ಇಳಿದಿಲ್ಲ ಎಂದು ಮಾತ್ರೆ ಕೊಟ್ಟರು, ನೀರು ಬದಲಿಸಲು ಹೇಳಿದರು. ತಿಂಗಳೊಳಗೆ ರೆಪ್ಪೆ ಕೆಂಪಾಗದಿದ್ದರೆ ಆಸ್ಪತ್ರೆಯೇ ಗತಿ ಎಂದರು.

ಮರುದಿನ ‘ಚುಂಯ್’ ಸದ್ದು ಕೇಳಲಿಲ್ಲ. ಅಪ್ಪ ಸೈಕಲ್ಲಿಗೆ ಡಬ್ಬ ಕಟ್ಟಿಕೊಂಡು ಭದ್ರಾ ಹೊಳೆಗೆ ಹೋಗಿದ್ದರು. ನಾನು ದಿನಾ ಅಕ್ಕನ ರೆಪ್ಪೆ ಎಳೆದು ನೋಡುತ್ತಿದ್ದೆ. ಅವಳು ಕೈಗೆ ಹೊಡೆಯುತ್ತಿದ್ದಳು. ತಿಂಗಳು ತುಂಬುವ ಹೊತ್ತಿಗೆ ಅಲ್ಲಿ ಸಣ್ಣಗೆ ಕೆಂಪು ಇಣುಕಿತು. ಹೊಡೆತವೂ ಜೋರಾಗಿತ್ತು.

ಮೊಮ್ಮಕ್ಕಳೇ, ನಿಮ್ಮ ಅಡುಗೆಮನೆಯ ನೀರು ಶುದ್ಧಿ ಮಾಡುವ ಯಂತ್ರದಲ್ಲಿ ನೀಲಿ ದೀಪ ಹತ್ತಿದರೆ ಸಾಕು, ನೀವು ಲೋಟ ಹಿಡಿಯುತ್ತೀರಿ. ನಮ್ಮ ನೀರಿನೊಳಗೆ ಏನಿದೆ ಎಂಬುದನ್ನು ಅಕ್ಕನ ಕಣ್ಣು, ನಮ್ಮ ಹಲ್ಲುಗಳೇ ಹೇಳಬೇಕಾಯಿತು. ಆ ಅಕ್ಕನೇ, ನಿಮ್ಮ ಕಂದು ಹಲ್ಲಿನ ಅಜ್ಜಿ, ಬಂದಾಗಲೆಲ್ಲ ನಿಮ್ಮ ರೆಪ್ಪೆ ಎಳೆದು ನೋಡುತ್ತಾಳಲ್ಲ, ನಗುತ್ತಾ ತಪ್ಪಿಸಿಕೊಂಡು ಓಡಬೇಡಿ. ಒಂದು ಗಳಿಗೆ ನಿಂತುಕೊಳ್ಳಿ.